ಮಳೆ ಬೆಟ್ಟದಾಚೆ, ಬೆಳೆ ಬೆಟ್ಟದೀಚೆ

ಆಡಿ ತಿಂಗಳ ಗಾಳಿಯನ್ನು ಕಂಬಂ ಕಣಿವೆಯ ರೈತ ಬಾಂಧವರಿಗೆ ನಾವು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಪಡುವಣ ಬೆಟ್ಟದ ನೆತ್ತಿಯಿಂದ ಇಳಿದು ಬರುವ ಆ ಗಾಳಿ ಬಾಳೆಯ ಎಲೆಯನ್ನು ಸೀಳುತ್ತದೆ, ದ್ರಾಕ್ಷಿಯ ಚಪ್ಪರವನ್ನು ಅಲುಗಿಸುತ್ತದೆ, ದಾರಿಯಲ್ಲಿ ನಡೆಯುವವನ ಕಣ್ಣಿಗೆ ಮಣ್ಣೆರಚುತ್ತದೆ. ತಲೆಯ ಮೇಲೆ ಮೋಡಗಳು ಮಂದೆ ಮಂದೆಯಾಗಿ ಓಡುತ್ತವೆ. ಮಳೆ ಮಾತ್ರ ಇಲ್ಲ. ಬಿದ್ದರೆ ನಾಲ್ಕು ಹನಿ ಸಾರಲು. ಹೊದ್ದ ಕಂಬಳಿ ನೆನೆಯುವಷ್ಟೂ ಇಲ್ಲ. ಆದರೆ ಅದೇ ದಿನಗಳಲ್ಲಿ ಕಾಲುವೆ ತುಂಬಿ ಹರಿಯುತ್ತದೆ; ಮೊದಲ ಬೆಳೆಯ ನಾಟಿ ನಡೆಯುತ್ತದೆ. ಮಳೆ ಬೀಳದ ಊರಿಗೆ ಇಷ್ಟು ನೀರು ಎಲ್ಲಿಂದ ಬಂತು?

ಪಳನಿಯ ಕಡೆಯ ಬಾಂಧವರು ಕೇಳುವ ಪ್ರಶ್ನೆ ಬೇರೆ. ಬೆಟ್ಟದಲ್ಲಿ ಮಳೆಯಾಯಿತೆಂದು ಸುದ್ದಿ ಬರುತ್ತದೆ. ಎರಡು ದಿನ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತದೆ. ಆಮೇಲೆ ನೋಡಿದರೆ ಬಂಡೆಗಳೇ ಕಾಣುತ್ತವೆ. ಬಂದ ನೀರು ಅಷ್ಟು ಬೇಗ ಹೋದದ್ದೇಕೆ?

ಈ ಎರಡು ಪ್ರಶ್ನೆಗಳಿಗೂ ಉತ್ತರ ಬೆಟ್ಟದ ಮೇಲಿನ ಕಾಡಿನಲ್ಲಿದೆ. ನಮ್ಮ ಹೊಲದ ಪಟ್ಟಾದಲ್ಲಿ ಎಷ್ಟು ಎಕರೆ ಬರೆದಿದೆಯೆಂಬುದು ನಮಗೆಲ್ಲ ಗೊತ್ತು. ಆದರೆ ಆ ಹೊಲಕ್ಕೆ ನೀರು ಹಿಡಿದುಕೊಡುವ ನೆಲ ಎಲ್ಲಿದೆ, ಎಷ್ಟಿದೆ, ಅದರ ಸ್ಥಿತಿ ಹೇಗಿದೆ ಎಂಬುದು ಯಾವ ಪಟ್ಟಾದಲ್ಲಿಯೂ ಇಲ್ಲ. ಆ ಲೆಕ್ಕವನ್ನು ಈ ವಾರ ನೋಡೋಣ.

ಮೋಡ ಬರಿದಾಗುವುದೆಲ್ಲಿ?

ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ನೀರಿನ ಆವಿಯನ್ನು ಹೊತ್ತು ಬರುತ್ತದೆ. ಕೇರಳದ ಬಯಲನ್ನು ದಾಟಿದೊಡನೆ ಅದಕ್ಕೆ ಪಶ್ಚಿಮ ಘಟ್ಟದ ಗೋಡೆ ಅಡ್ಡ ಬರುತ್ತದೆ. ಮುಂದೆ ಹೋಗಬೇಕಾದರೆ ಗಾಳಿ ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ಒದ್ದೆ ಗಾಳಿ ಪ್ರತಿ ಸಾವಿರ ಅಡಿ ಏರಿದಾಗ ಸುಮಾರು ಒಂದೂವರೆಯಿಂದ ಎರಡು ಡಿಗ್ರಿ ತಂಪಾಗುವುದು. ತಣ್ಣನೆಯ ಗಾಳಿ ಹೆಚ್ಚು ಆವಿಯನ್ನು ಹಿಡಿದುಕೊಳ್ಳಲಾರದು. ತಣ್ಣೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿ ಮೂಡುವುದಿಲ್ಲವೆ? ಹಾಗೆಯೇ ಆ ಆವಿ ಹನಿಯಾಗಿ ಬೆಟ್ಟದ ಪಡುವಣ ಮಗ್ಗುಲಿನಲ್ಲಿ ಸುರಿದುಬಿಡುತ್ತದೆ.

ನೆತ್ತಿ ದಾಟಿದ ಗಾಳಿ ಈಚೆಗೆ ಇಳಿಯತೊಡಗಿದಾಗ ಎಲ್ಲವೂ ತಿರುಗುಮುರುಗು. ಇಳಿಯುವ ಒಣಗಾಳಿ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ಡಿಗ್ರಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ನೀರನ್ನು ಕೊಡುವುದಿಲ್ಲ, ಕೇಳುತ್ತದೆ. ಆದುದರಿಂದಲೇ ಆಡಿಗಾಳಿ ನಮ್ಮ ಮಣ್ಣಿನ ಹಸಿಯನ್ನೂ ಬೆಳೆಯ ತೇವವನ್ನೂ ಹೀರಿಕೊಂಡು ಹೋಗುವುದು. ಇಂತಹ ನೆಲವನ್ನು ಮಳೆನೆರಳಿನ ಸೀಮೆ ಎನ್ನುತ್ತಾರೆ.

ಅಂತರ ಎಷ್ಟೆಂಬುದನ್ನು ನೋಡಿ. ಪೆರಿಯಾರ್ ಹೊಳೆಯ ಮೇಲ್ಭಾಗದ ಕಾಡಿನಲ್ಲಿ ವರ್ಷಕ್ಕೆ 80 ಅಂಗುಲಕ್ಕೂ, ಎಂದರೆ 2000 ಮಿಲಿಮೀಟರಿಗೂ, ಮೇಲೆ ಮಳೆ ಬೀಳುತ್ತದೆ. ಕೊಡೈಕೆನಾಲಿನಲ್ಲಿ ಸುಮಾರು 65 ಅಂಗುಲ. ಕೆಳಗೆ ತೇನಿ, ದಿಂಡಿಗಲ್ಲುಗಳ ಬಯಲಿನಲ್ಲಿ 30 ಅಂಗುಲದ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಬರುವುದು ಐಪ್ಪಸಿ, ಕಾರ್ತಿಕದ ಹಿಂಗಾರಿನಲ್ಲಿ, ಮೂಡಣ ಸಮುದ್ರದ ಕಡೆಯಿಂದ. ಮುಂಗಾರಿನ ಕಾಲಕ್ಕೆ ನಮ್ಮ ಬಯಲು ಬೆಟ್ಟದ ಬೆನ್ನ ಹಿಂದೆ ಕುಳಿತ ಮಗುವಿನಂತೆ. ತಾಯಿಯ ಮುಂದೆ ಬಡಿಸಿದ್ದು ಅದಕ್ಕೆ ಕಾಣುವುದಿಲ್ಲ.

ಮಳೆಕಾಡಿನ ಒಳಗೆ

ಬೆಟ್ಟದಾಚೆ ಬೀಳುವ ಆ ಮಳೆಯನ್ನು ಹಿಡಿಯುವುದು ಮಳೆಕಾಡು. ವರ್ಷವಿಡೀ ಹಸುರಾಗಿರುವ ಈ ಕಾಡಿನಲ್ಲಿ ಮರಗಳು ಅಂತಸ್ತು ಅಂತಸ್ತಾಗಿ ನಿಂತಿರುತ್ತವೆ. ನೂರಡಿಗೂ ಮೀರಿದ ಹೆಮ್ಮರಗಳದು ಮೇಲಿನ ಅಂತಸ್ತು. ಅದರ ನೆರಳಿನಲ್ಲಿ ರಾಮಪತ್ರೆಯಂತಹ ಮರಗಳು. ಅವುಗಳ ಕೆಳಗೆ ಪೊದೆ, ಬೆತ್ತ, ಕಾಡೇಲಕ್ಕಿ. ನೆಲದ ಮೇಲೆ ಕೊಳೆಯುವ ಎಲೆಯ ಹಾಸು. ಮರದ ತೊಗಟೆಯ ಮೇಲೆಯೇ ಪಾಚಿ, ಸೀತಾಳೆ ಗಿಡಗಳು ಮನೆ ಮಾಡಿಕೊಂಡಿರುತ್ತವೆ.

ಬಯಲಿನಲ್ಲಿ ದೊಡ್ಡ ಹನಿ ಬರಿ ನೆಲಕ್ಕೆ ಬಡಿದರೆ ಮಣ್ಣು ಸಿಡಿಯುತ್ತದೆ. ಸಿಡಿದ ಸಣ್ಣ ಮಣ್ಣು ನೆಲದ ರಂಧ್ರಗಳನ್ನು ಮುಚ್ಚುತ್ತದೆ. ನೀರು ಒಳಗೆ ಇಳಿಯಲಾರದೆ ಓಡುತ್ತದೆ. ಕಾಡಿನಲ್ಲಿ ಅದೇ ಹನಿ ಎಲೆಯಿಂದ ಎಲೆಗೆ, ಕೊಂಬೆಯಿಂದ ಕಾಂಡಕ್ಕೆ ಜಾರಿ ಮೆಲ್ಲಗೆ ಎಲೆಹಾಸಿನ ಮೇಲೆ ಇಳಿಯುತ್ತದೆ. ಬೇರು, ಎರೆಹುಳು, ಗೆದ್ದಲು ಕೊರೆದ ಸಾವಿರ ಸಂದುಗಳ ಮೂಲಕ ಮಣ್ಣಿನೊಳಕ್ಕೆ ಹೋಗುತ್ತದೆ. ಅಲ್ಲಿಂದ ಬಂಡೆಯ ಬಿರುಕುಗಳಲ್ಲಿ ಸಾಗಿ ವಾರಗಳ, ತಿಂಗಳುಗಳ ಮೇಲೆ ಒರತೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೆಯೂ ತೊರೆ ಹರಿಯುವುದು ಈ ಕಾರಣದಿಂದ.

ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಕೊಂಚ ಹೆಚ್ಚು ನೀರು. ಅಷ್ಟು ನೀರು ಒಂದು ಗಂಟೆಯಲ್ಲಿ ಹಳ್ಳಕ್ಕೆ ಓಡಿದರೆ ಅದು ಪ್ರವಾಹ. ಒಂದು ತಿಂಗಳು ಸೋರಿ ಬಂದರೆ ಬೆಳೆ. ಬಿದ್ದ ಮಳೆ ಅಷ್ಟೇ. ಬರುವ ವೇಗ ಬೇರೆ.

ಈ ಕಾಡನ್ನು ನಾಟಿ ಮಾಡಿದವರು ಯಾರು? ಮನುಷ್ಯರಲ್ಲ. ಮಂಗಟ್ಟೆ ಹಕ್ಕಿ ರಾಮಪತ್ರೆಯ ಹಣ್ಣು ನುಂಗಿ ದೂರ ಹಾರಿ ಬೀಜ ಉಗುಳುತ್ತದೆ. ಮೇಘಮಲೆಯ ಸಿಂಗಳೀಕಗಳೂ ಹಣ್ಣು ತಿಂದು ಬೀಜ ಚೆಲ್ಲುತ್ತವೆ. ಇವು ಹೋದರೆ ಹಳೆಯ ಮರಗಳು ಇನ್ನು ಕೆಲವು ಕಾಲ ನಿಂತಿರಬಹುದು. ಅವುಗಳ ಮಕ್ಕಳು ಏಳುವುದು ಕಷ್ಟ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಕಾಡನ್ನು ಹುಲಿಗಳ ರಕ್ಷಿತ ಪ್ರದೇಶವೆಂದು ಸಾರಿದಾಗ, ಹುಲಿಯೊಂದಿಗೆ ವೈಗೈ ನದಿಯ ಮೂಲವೂ ಉಳಿಯುವುದೆಂದು ಹೇಳಿದ್ದು ಇದೇ ಅರ್ಥದಲ್ಲಿ.

ಕಾಡು ಮಳೆಯನ್ನು ತರಿಸುವುದೆ?

‘ಕಾಡಿದ್ದರೆ ಮಳೆ’ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಇದರಲ್ಲಿ ಎಷ್ಟು ನಿಜವಿದೆಯೆಂಬುದನ್ನು ರೈತನಾದವನು ಸರಿಯಾಗಿ ತಿಳಿಯಬೇಕು.

ಲೋಕದ ಅತಿ ದೊಡ್ಡ ಮಳೆಕಾಡು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆಯಲ್ಲಿದೆ. ಆ ನದಿಗೆ ನೀರು ಕೂಡಿಸುವ ನೆಲ ಅರುವತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಇಡೀ ಭಾರತ ದೇಶಕ್ಕಿಂತ ಬಹಳ ದೊಡ್ಡದು. ಸಮುದ್ರದಿಂದ ಒಳಬಂದ ಗಾಳಿ ಅಲ್ಲಿ ಸಾವಿರಾರು ಕಿಲೋಮೀಟರು ಕಾಡಿನ ಮೇಲೆಯೇ ಸಾಗುತ್ತದೆ. ಬಿದ್ದ ಮಳೆಯನ್ನು ಮರಗಳು ಬೇರಿನಿಂದ ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತವೆ. ಆ ಆವಿ ಮುಂದೆ ಮತ್ತೆ ಮಳೆಯಾಗುತ್ತದೆ. ಬ್ರೆಜಿಲಿನ ವಿಜ್ಞಾನಿ ಎನೆಯಾಸ್ ಸಲಾತಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಮಳೆನೀರನ್ನು ಪರೀಕ್ಷಿಸಿ, ಅಲ್ಲಿಯ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ಕಾಡಿನಿಂದಲೇ ಮರಳಿ ಬಂದದ್ದೆಂದು ಅಂದಾಜು ಮಾಡಿದರು.

ನಮ್ಮ ಘಟ್ಟ ಅಷ್ಟು ಅಗಲವಾದುದಲ್ಲ. ಅರಬ್ಬೀ ಸಮುದ್ರವೂ ಹತ್ತಿರ. ಆದುದರಿಂದ ಘಟ್ಟದ ಪಡುವಣ ಮಗ್ಗುಲಿಗೆ ಬೀಳುವ ಮಳೆಯ ಬಹುಪಾಲು ಸಮುದ್ರದ್ದೇ. ಅದನ್ನು ಇಳಿಸುವುದು ಬೆಟ್ಟದ ಎತ್ತರ. ಆದರೆ ಮೂಡಣ ಬಯಲಿನ ಮಾತು ಬೇರೆ. ಮುಂಬಯಿಯ ಐ.ಐ.ಟಿ.ಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮುಂಗಾರಿನ ತಿಂಗಳುಗಳಲ್ಲಿ ತಮಿಳುನಾಡಿಗೆ ಬೀಳುವ ಮಳೆಯ ಆವಿಯಲ್ಲಿ ಗಣನೀಯ ಪಾಲು ಘಟ್ಟದ ಕಾಡುಗಳು ಬಿಟ್ಟದ್ದು. ಮಳೆ ಕಡಿಮೆಯಾದ ವರ್ಷದಲ್ಲಿ ಆ ಪಾಲಿನ ಬೆಲೆ ಇನ್ನೂ ಹೆಚ್ಚು. ನಮಗೆ ಆಡಿಯಲ್ಲಿ ಬೀಳುವ ನಾಲ್ಕು ಹನಿಗೂ ಕಾಡಿನ ಋಣವುಂಟು.

ಹೀಗಿದ್ದರೂ ಒಂದು ಮಾತನ್ನು ಮುಚ್ಚಿಡಬಾರದು. ಮರವೂ ನೀರು ಕುಡಿಯುತ್ತದೆ. ಎಲ್ಲಿ ಬೇಕಾದರೂ ಯಾವ ಮರ ಬೇಕಾದರೂ ನೆಟ್ಟರೆ ನೀರು ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ತಪ್ಪಿಗೆ ಪಳನಿ ಬೆಟ್ಟ ಬೆಲೆ ತೆತ್ತಿದೆ. ಆ ವಿಷಯಕ್ಕೆ ಬರುವ ಮುನ್ನ ಪೆರಿಯಾರಿನ ನೀರು ನಮ್ಮ ಕಡೆಗೆ ದಾಟಿದ ಬಗೆಯನ್ನು ಹೇಳಬೇಕು.

ನೀರು ಬೆಟ್ಟ ದಾಟಿದ ಬಗೆ

ಪೆರಿಯಾರ್ ನದಿ ಶಿವಗಿರಿ ಬೆಟ್ಟಗಳಲ್ಲಿ ಹುಟ್ಟಿ, 244 ಕಿಲೋಮೀಟರು ಹರಿದು, ಪಡುವಣ ಸಮುದ್ರವನ್ನು ಸೇರುತ್ತದೆ. ಸ್ವಭಾವದಿಂದ ಅದರ ಒಂದು ಹನಿಯೂ ನಮ್ಮ ಕಣಿವೆಗೆ ಬರತಕ್ಕದ್ದಲ್ಲ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಮದರಾಸು ಸೀಮೆಯ ಜನ ಲಕ್ಷಗಟ್ಟಲೆ ಸತ್ತ ಮೇಲೆ, ಆಚೆಯ ನೀರನ್ನು ಈಚೆಗೆ ತಿರುಗಿಸುವ ಹಳೆಯ ಯೋಚನೆಗೆ ಜೀವ ಬಂತು. 1886ರಲ್ಲಿ ತಿರುವಾಂಕೂರು ಸಂಸ್ಥಾನಕ್ಕೂ ಮದರಾಸು ಸರಕಾರಕ್ಕೂ 999 ವರ್ಷಗಳ ಗುತ್ತಿಗೆಯ ಕರಾರಾಯಿತು. ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಮೇಲ್ವಿಚಾರಣೆಯಲ್ಲಿ ಸುಣ್ಣ, ಸುರ್ಕಿ, ಕಲ್ಲುಗಳಿಂದ ಕಟ್ಟಿದ ಅಣೆ 1895ರಲ್ಲಿ ಮುಗಿಯಿತು. ಕಾಡಿನ ಜ್ವರಕ್ಕೂ ಪ್ರವಾಹಕ್ಕೂ ನೂರಾರು ಕೂಲಿಗಳು ಬಲಿಯಾದರು. ತೇನಿಯ ಹತ್ತಿರದ ಪಾಲಾರ್‌ಪಟ್ಟಿಯಲ್ಲಿ ಪೆನ್ನಿಕ್ವಿಕ್ ಅವರ ಹೆಸರಿನಲ್ಲಿ ಇಂದಿಗೂ ಪೊಂಗಲ್ ಇಡುತ್ತಾರೆ. ಹೆಸರಿಲ್ಲದ ಆ ಕೂಲಿಗಳನ್ನೂ ನೆನೆಯುವುದು ನ್ಯಾಯ.

ಅಣೆಯ ಹಿಂದೆ ನಿಂತ ನೀರು ತೇಕ್ಕಡಿಯ ಬಳಿ ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಈಚೆಗೆ ಬಂದು ಲೋಯರ್ ಕ್ಯಾಂಪಿಗೆ ಧುಮುಕುತ್ತದೆ. ಅಲ್ಲಿ ವಿದ್ಯುತ್ತನ್ನು ಕೊಟ್ಟು, ಕಂಬಂ ಕಣಿವೆಯ ಗದ್ದೆಗಳಿಗೆ ಉಣಿಸಿ, ಸುರುಳಿ ಹೊಳೆಯೊಂದಿಗೆ ಕೂಡಿ, 1959ರಲ್ಲಿ ಮುಗಿದ ವೈಗೈ ಅಣೆಯನ್ನು ಸೇರಿ, ಮಧುರೆ, ಶಿವಗಂಗೆ, ರಾಮನಾಥಪುರಗಳ ಕಡೆಗೆ ಹೋಗುತ್ತದೆ.

ಈಗ ಲೆಕ್ಕ ಹಾಕೋಣ. ಪೆರಿಯಾರ್ ಅಣೆಗೆ ನೀರು ಕೂಡಿಸುವ ನೆಲ ಸುಮಾರು 620 ಚದರ ಕಿಲೋಮೀಟರು, ಅಂದರೆ ಒಂದೂವರೆ ಲಕ್ಷ ಎಕರೆ. ಅದರ ಬಹುಪಾಲು ಕಾಡು. ಕಂಬಂ ಕಣಿವೆಯಲ್ಲಿ ಎರಡು ಬೆಳೆಯ ಗದ್ದೆ 14,707 ಎಕರೆ. ಈ ಕಣಿವೆಯೊಂದನ್ನೇ ಲೆಕ್ಕಕ್ಕೆ ಹಿಡಿದರೂ, ನಮ್ಮ ಒಂದೊಂದು ಎಕರೆ ಗದ್ದೆಯ ಬೆನ್ನಿಗೆ ಬೆಟ್ಟದಾಚೆ ಹತ್ತು ಎಕರೆ ನೆಲ ನಿಂತಿದೆ. ಅದೇ ನೀರನ್ನು ಕೆಳಗಿನ ಜಿಲ್ಲೆಗಳಿಗೂ ಹಂಚುವುದರಿಂದ ಕೈ ಇನ್ನೂ ಬಿಗಿ. ನಾವು ಉಳುವುದು ಒಂದೇ ಎಕರೆಯಾದರೂ ಆಶ್ರಯಿಸಿರುವುದು ಹನ್ನೊಂದನ್ನು.

ಈ ನೀರಿಗೆ ಒಂದು ಎಲ್ಲೆಯೂ ಇದೆ. ಅಣೆಯಲ್ಲಿ ನೀರು 104 ಅಡಿಗಿಂತ ಕೆಳಗಿಳಿದರೆ ಸುರಂಗಕ್ಕೆ ಏರುವುದಿಲ್ಲ. ಮೇಲೆ ಎಷ್ಟು ನಿಲ್ಲಿಸಬೇಕೆಂಬ ವಿವಾದದಲ್ಲಿ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ಒಪ್ಪಿತು. ಹಳೆಯ ಅಣೆಯ ಕೆಳಗೆ ವಾಸಿಸುವ ಕೇರಳದ ಜನರ ಭಯವನ್ನು ನಾವು ಹಗುರವಾಗಿ ಕಾಣಬಾರದು. ನೀರಿಲ್ಲದೆ ನಮ್ಮ ಕಣಿವೆ ಬಾಳಲಾರದೆಂಬುದೂ ಅಷ್ಟೇ ನಿಜ. ಆದರೆ ಅಡಿಗಳ ವಾದದಲ್ಲಿ ಎರಡು ಕಡೆಯವರೂ ಒಂದನ್ನು ಮರೆಯುತ್ತಾರೆ. ಅಣೆ ನೀರನ್ನು ಹುಟ್ಟಿಸುವುದಿಲ್ಲ. ಮೇಲಿನ ಕಾಡು ಕೆಟ್ಟು ಹೂಳು ತುಂಬಿದರೆ, 142 ಎಂಬ ಅಂಕಿ ಅಷ್ಟೇ ಇದ್ದರೂ ಅದರೊಳಗಿನ ನೀರು ಕಡಿಮೆಯಾಗುತ್ತದೆ.

ಪಳನಿ ಬೆಟ್ಟದ ಸೋಲೆಯೂ ಹುಲ್ಲೂ

ಪಳನಿ ಬೆಟ್ಟಗಳು ಘಟ್ಟದ ಸಾಲಿನಿಂದ ಮೂಡಣಕ್ಕೆ ಚಾಚಿದ ತೋಳಿನಂತಿವೆ. ಮುಂಗಾರಿನ ಭರವನ್ನು ಆನೆಮಲೆಯ ಕಡೆಯ ಎತ್ತರದ ಬೆಟ್ಟಗಳು ತಡೆದುಬಿಡುವುದರಿಂದ ಇಲ್ಲಿ ಹಿಂಗಾರಿನ ಮಳೆಗೇ ಪ್ರಾಧಾನ್ಯ. ತೆಂಕಣ ಮಗ್ಗುಲಿನ ನೀರು ಮಂಜಳಾರ್, ವರಾಹ ನದಿಗಳಾಗಿ ವೈಗೈಗೆ ಸೇರುತ್ತದೆ. ಬಡಗಣ ಮಗ್ಗುಲಿನ ಪಾಲಾರ್, ಪೊರಂದಲಾರ್, ವರದಮಾನದಿಗಳು ಪಳನಿಯ ಬಳಿಯ ಅಣೆಗಳನ್ನು ತುಂಬಿ, ಷಣ್ಮುಖ ನದಿಯಾಗಿ ಅಮರಾವತಿಗೆ, ಅಮರಾವತಿ ಕರೂರಿನ ಹತ್ತಿರ ಕಾವೇರಿಗೆ ಸೇರುತ್ತವೆ. ಬೆಟ್ಟವೇರುವ ಮುನ್ನ ಭಕ್ತರು ಮುಳುಗುವ ಷಣ್ಮುಖ ನದಿಯ ನೀರು, ಕೊಡಗಿನ ತಲಕಾವೇರಿಯಿಂದ ಬಂದ ನೀರಿನೊಂದಿಗೆ ಒಂದಾಗುತ್ತದೆ. ನಮ್ಮ ಹಿರಿಯರು ಕನ್ನಡ ನಾಡಿನಿಂದ ದನಕರು ಹೊಡೆದುಕೊಂಡು ಬಂದು ಇಲ್ಲಿ ನೆಲೆಸಿದರೆಂಬ ಹೇಳಿಕೆ ಮನೆಮನೆಗಳಲ್ಲಿ ಉಂಟು. ಆ ನಾಡಿನ ನೀರು ಮುಂದೆ ಹೀಗೆ ನಮ್ಮ ನೀರನ್ನು ಕೂಡುತ್ತದೆ.

ಈ ಬೆಟ್ಟದ ಎತ್ತರದ ಭಾಗದಲ್ಲಿ ಪೆರಿಯಾರಿನಂತಹ ಹೆಮ್ಮರಗಳ ಕಾಡಿಲ್ಲ. ಅಲ್ಲಿರುವುದು ಎರಡರ ಜೋಡಿ. ತಗ್ಗಿನ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟವಾದ ಸೋಲೆ. ತೆರೆದ ಗುಡ್ಡಗಳ ಮೇಲೆ ಹುಲ್ಲು. ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವ ಆ ಗುಡ್ಡಗಳ ಮೇಲೆ ಹುಲ್ಲೇ ಸಹಜ. ಹನ್ನೆರಡು ವರ್ಷಕ್ಕೊಮ್ಮೆ ನೀಲಿಯಾಗಿ ಅರಳುವ ಕುರಿಂಜಿ ಈ ಗುಡ್ಡಗಳದೇ. 2006ರಲ್ಲಿ ಅರಳಿತು, 2018ರಲ್ಲಿ ಅರಳಿತು. ಹುಲ್ಲು ಮಳೆಯನ್ನು ಮಣ್ಣಿಗೆ ಇಳಿಸುತ್ತದೆ, ತಾನು ಕುಡಿಯುವುದು ಸ್ವಲ್ಪ. ಸೋಲೆ ಆ ನೀರನ್ನು ತಗ್ಗಿನಲ್ಲಿ ಹಿಡಿದು ತೊರೆಗೆ ಮೆಲ್ಲಗೆ ಬಿಡುತ್ತದೆ.

ಹುಲ್ಲುಗುಡ್ಡವನ್ನು ಕಂಡ ಹಿಂದಿನ ಅಧಿಕಾರಿಗಳು ಅದನ್ನು ಪಾಳುಬಿದ್ದ ನೆಲವೆಂದು ತಿಳಿದರು. ಚರ್ಮ ಹದಮಾಡುವ ತೊಗಟೆಗಾಗಿ ವ್ಯಾಟಲ್, ಸೌದೆಗೂ ಕಾಗದಕ್ಕೂ ನೀಲಗಿರಿ, ಜೊತೆಗೆ ಪೈನ್ ಮರಗಳನ್ನು ಗುಡ್ಡ ತುಂಬ ನೆಟ್ಟರು. ವ್ಯಾಟಲ್ ನೆಟ್ಟಲ್ಲಿಯೇ ನಿಲ್ಲುವುದಿಲ್ಲ. ಬೀಜದಿಂದ ತಾನೇ ಹರಡುತ್ತದೆ. ಉಪಗ್ರಹದ ಚಿತ್ರಗಳನ್ನು ಹೋಲಿಸಿ ವಿಜ್ಞಾನಿಗಳು 2018ರಲ್ಲಿ ತಿಳಿಸಿದಂತೆ, ನಾಲ್ಕು ದಶಕಗಳಲ್ಲಿ ಪಳನಿ ಬೆಟ್ಟದ ಹುಲ್ಲುಗಾವಲಿನಲ್ಲಿ ಮೂರರಲ್ಲಿ ಎರಡು ಪಾಲು ಕಾಣೆಯಾಗಿದೆ.

ಇದರಿಂದ ನೀರಿಗೆ ಆಗುವುದೇನು? ನೀಲಗಿರಿ ಜಿಲ್ಲೆಯ ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಸಣ್ಣ ಕಣಿವೆಗಳ ತೊರೆಗಳನ್ನು ವರ್ಷಗಟ್ಟಲೆ ಅಳೆದರು. ಒಂದನ್ನು ಹುಲ್ಲು, ಸೋಲೆಗಳೊಂದಿಗೆ ಇದ್ದಂತೆಯೇ ಬಿಟ್ಟರು. ಇನ್ನೊಂದರ ಹುಲ್ಲಿನಲ್ಲಿ 1972ರಲ್ಲಿ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷದ ಬೆಳೆಯಲ್ಲಿಯೇ ನೆಟ್ಟ ಕಣಿವೆಯ ನೀರು ನೂರಕ್ಕೆ ಸುಮಾರು 16 ಪಾಲು ಕಡಿಮೆಯಾಯಿತು. ಕಡಿದ ಬುಡದಿಂದ ಚಿಗುರಿದ ಎರಡನೆಯ ಬೆಳೆಯಲ್ಲಿ ಸುಮಾರು 25 ಪಾಲು. ಬೇಸಗೆಯಲ್ಲಿ ನೂರು ಕೊಡ ನೀರಿನ ಕಡೆ ಎಪ್ಪತ್ತೈದೇ ಬಂದರೆ ಕೆಳಗಿನ ಊರಿನ ಗತಿಯೇನೆಂದು ಹೇಳಬೇಕಾಗಿಲ್ಲ.

ಹಾಗೆಂದು ಕೊಡಲಿ ಹಿಡಿದು ಎಲ್ಲವನ್ನೂ ಒಮ್ಮೆಗೇ ಕಡಿಯುವುದೂ ಸರಿಯಲ್ಲ. ಹಳೆಯ ವ್ಯಾಟಲ್ ತೋಪಿನ ನೆರಳಿನಲ್ಲಿ ಕೆಲವೆಡೆ ಸೋಲೆಯ ಸಸಿಗಳೇ ಮರಳಿ ಏಳುತ್ತಿವೆ; ಕಡಿದು ಬಯಲು ಮಾಡಿದಲ್ಲಿ ವ್ಯಾಟಲ್ ಬೀಜವೇ ಮತ್ತೆ ದಟ್ಟವಾಗಿ ಮೊಳೆಯುವುದೂ ಉಂಟು. ಎಲ್ಲಿ ಹುಲ್ಲು ಇನ್ನೂ ಉಳಿದಿದೆಯೋ ಅಲ್ಲಿಗೆ ಹೊಸ ಮರ ಬಾರದಂತೆ ಕಾಯುವುದು ಮೊದಲ ಕೆಲಸ.

ಬೆಟ್ಟದ ಕೆಳ ಅಂತಸ್ತಿನಲ್ಲಿ ಇನ್ನೊಂದು ಪಾಠವಿದೆ. ವಿರೂಪಾಕ್ಷಿಯ ಬೆಟ್ಟದ ಬಾಳೆ ಇಲ್ಲದೆ ಪಳನಿಯ ಪಂಚಾಮೃತ ಹಿಂದೆ ಇರಲಿಲ್ಲ. ಮರದ ನೆರಳು, ಕಾಫಿಯ ಜೊತೆ, ಕಾಲುವೆಯ ನೀರಿಲ್ಲದೆ ಮಳೆಯಿಂದಲೇ ಬೆಳೆಯುವ ಬಾಳೆ ಅದು. ಹೇನಿನಿಂದ ಹರಡಿ ಎಲೆಗಳನ್ನು ಗೊಂಚಲಾಗಿ ಮುದುಡಿಸುವ ನಂಜುರೋಗ ಆ ತೋಟಗಳನ್ನು ಬಹಳ ಕುಗ್ಗಿಸಿತು. 2008ರಲ್ಲಿ ಆ ಬಾಳೆಗೆ ಊರಿನ ಗುರುತಿನ ಸರಕಾರಿ ಮಾನ್ಯತೆ ದೊರೆತಿದೆ. ನೆರಳಿನ ತೋಟ ಉಳಿದರೆ ಬೆಟ್ಟದ ಮಣ್ಣೂ ಉಳಿಯುತ್ತದೆ, ಬೆಳೆಗಾರನಿಗೂ ಕಾಸು ಬರುತ್ತದೆ.

ದನದ ಮಾತು

ಕಾಡಿನ ವಿಷಯ ಎತ್ತಿದರೆ ದನದ ಮಾತು ಬಂದೇ ಬರುತ್ತದೆ. ಕಂಬಂನ ನಂದಗೋಪಾಲಸ್ವಾಮಿಯ ತೊಳುವಿನಲ್ಲಿ ತಂಬಿರಾನ್ ದನಗಳನ್ನು ದೇವರೆಂದೇ ನಡೆಸಿಕೊಂಡು ಬಂದವರು ನಮ್ಮ ಮಾತನ್ನಾಡುವ ಜನ. ಬೆಟ್ಟದ ದನಗಳ ಹಿಂಡು ಕಾಡಂಚಿನಲ್ಲಿ ಮೇಯುತ್ತದೆ. ಕೊಯ್ಲಾದ ಹೊಲದಲ್ಲಿ ರಾತ್ರಿ ತಂಗಿ ಗೊಬ್ಬರ ಕೊಡುತ್ತದೆ.

2022ರ ಮಾರ್ಚಿಯಲ್ಲಿ ಮದರಾಸು ಹೈಕೋರ್ಟು ಮೊದಲು ರಾಜ್ಯದ ಎಲ್ಲ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಅದೇ ತಿಂಗಳಲ್ಲಿ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಮೇಘಮಲೆ ಆ ಎಲ್ಲೆಯೊಳಗೇ ಇರುವುದರಿಂದ ತೇನಿಯ ದನಗಾರರಿಗೆ ಪೆಟ್ಟು ತಪ್ಪಲಿಲ್ಲ.

ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇವೆ. ತೊರೆಯ ಹುಟ್ಟಿನಲ್ಲಿ, ಸಸಿ ಏಳುವ ಸೋಲೆಯಲ್ಲಿ ಹಿಂಡು ನುಗ್ಗಿದರೆ ನೆಲ ತುಳಿತಕ್ಕೆ ಗಟ್ಟಿಯಾಗಿ ನೀರು ಇಂಗುವುದಿಲ್ಲ, ಇದು ನಿಜ. ತಲೆತಲಾಂತರದಿಂದ ಮೇಯಿಸಿದವರನ್ನು ಬೇರೆ ಮೇವಿನ ದಾರಿ ತೋರಿಸದೆ ಹೊರಗಟ್ಟಿದರೆ, ಕಾಡಿಗೆ ಬೆಂಕಿ ಬಿದ್ದಾಗ ಮೊದಲು ಕಂಡು ಕೂಗುವ ಜನರನ್ನೇ ಕಾಡು ಕಳೆದುಕೊಳ್ಳುತ್ತದೆ, ಇದೂ ನಿಜ. ಎಲ್ಲಿ, ಯಾವ ತಿಂಗಳು, ಎಷ್ಟು ತಲೆ ಎಂಬುದನ್ನು ಕುಳಿತು ತೀರ್ಮಾನಿಸಬೇಕು. ಊರಿನ ಹುಲ್ಲುಬಂಜರು ಒತ್ತುವರಿಯಾಗದೆ ಉಳಿದಿದ್ದರೆ ಈ ಜಗಳ ಅರ್ಧ ತಗ್ಗುತ್ತಿತ್ತೆಂಬುದನ್ನು ನಮ್ಮವರೂ ನೆನೆಯಬೇಕು.

ನಾವು ಮಾಡಬಹುದಾದದ್ದು

ಬೆಟ್ಟದಾಚೆಯ ಕಾಡು ಬೇರೆ ರಾಜ್ಯದ್ದು, ನಮ್ಮ ಕೈಯಲ್ಲೇನಿದೆ ಎನ್ನಬಹುದು. ಕೆಲವು ಕೆಲಸಗಳು ನಮ್ಮ ಕೈಯಲ್ಲಿಯೇ ಇವೆ.

ಮೊದಲನೆಯದು ಬೆಂಕಿ. ಮಾಸಿಯಿಂದ ಚಿತ್ತಿರೈವರೆಗೆ ಬೆಟ್ಟದ ಹುಲ್ಲು ಬತ್ತಿಯಂತೆ ಒಣಗಿರುತ್ತದೆ. 2018ರ ಮಾರ್ಚಿ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟವೇರಲು ಹೋದವರು ಬೆಂಕಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹೊಲದಂಚಿನ ಕಸಕ್ಕೆ ಕಿಡಿ ಇಡುವಾಗ ಗಾಳಿಯ ದಿಕ್ಕನ್ನು ನೋಡಿರಿ. ಬೀಡಿಯ ತುಂಡನ್ನು ಆರಿಸದೆ ಎಸೆಯಬೇಡಿರಿ.

ಎರಡನೆಯದು ನೆರಳು. ನಮ್ಮ ಕಣಿವೆಯಿಂದ ದಿನವೂ ಜೀಪು ಹತ್ತಿ ಕುಮಳಿ, ವಂಡನ್ಮೇಡುಗಳ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ಅಕ್ಕತಂಗಿಯರು ಸಾವಿರಾರು. ಏಲಕ್ಕಿ ಮಳೆಕಾಡಿನ ಕೂಸು. ಮರದ ನೆರಳನ್ನು ಕಡಿದರೆ ಬಿಸಿಲಿಗೆ ಸುಡುತ್ತದೆ. 2024ರ ಬೇಸಗೆಯ ಒಣಹವೆಯಲ್ಲಿ ಇಡುಕ್ಕಿಯ ತೋಟಗಳು ಭಾರಿ ನಷ್ಟ ಅನುಭವಿಸಿದವು. ತೋಟ ಒಣಗಿದರೆ ನಷ್ಟ ಒಡೆಯನಿಗಷ್ಟೇ ಅಲ್ಲ, ಕೂಲಿಯೂ ಇಲ್ಲ. ಅಲ್ಲಿ ನೆರಳು ಕಡಿಯುವ ಮಾತು ಬಂದಾಗ ಅನುಭವಸ್ಥರಾದ ನಮ್ಮವರು ನಾಲ್ಕು ಮಾತು ಹೇಳಬಹುದು.

ಮೂರನೆಯದು ಕಣ್ಮಾಯಿ. ಬೆಟ್ಟದ ನೀರು ಇಳಿದು ಬಂದಾಗ ಅದನ್ನು ಹಿಡಿಯುವ ಕೆರೆ ಹೂಳು ತುಂಬಿದ್ದರೆ, ನೀರು ತರುವ ಹಳ್ಳ ಮುಚ್ಚಿದ್ದರೆ, ಕಾಡನ್ನು ದೂರಿ ಫಲವಿಲ್ಲ. ಬೇಸಗೆಯಲ್ಲಿ ಕೆರೆಯ ಹೂಳನ್ನು ಅಪ್ಪಣೆ ಪಡೆದು ಹೊಲಕ್ಕೆ ಹೊಡೆಯಿರಿ. ಹಳ್ಳದ ದಡದಲ್ಲಿ ಹೊಂಗೆ, ನೇರಳೆ, ಅತ್ತಿ, ಬಿದಿರುಗಳನ್ನು ಬಿಡಿರಿ. ದಡ ಕೊಚ್ಚುವುದು ನಿಲ್ಲುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲದ್ದು. ಪ್ರತಿ ಊರಿನಲ್ಲಿಯೂ ಒಬ್ಬರಾದರೂ ಮಳೆಯನ್ನು ಅಳೆದು ಬರೆದಿಡಿರಿ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಒಂದು ತಗಡಿನ ಡಬ್ಬಿ ಸಾಕು. ಮರ, ಸೂರುಗಳಿಂದ ದೂರವಾಗಿ ಬಯಲಿನಲ್ಲಿ ಅದನ್ನು ಅಲುಗದಂತೆ ನಿಲ್ಲಿಸಿ, ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಶಾಲೆಯ ಮಕ್ಕಳ ಅಳತೆಪಟ್ಟಿಯನ್ನು ಒಳಗಿಟ್ಟು ನೀರೆಷ್ಟು ನಿಂತಿದೆಯೆಂದು ನೋಡಿರಿ. ಪಟ್ಟಿಯ ತುದಿಯಲ್ಲಿ ಅಂಕಿ ಇಲ್ಲದ ಭಾಗವಿದ್ದರೆ ಅದನ್ನೂ ಕೂಡಿಸಿಕೊಳ್ಳಿರಿ. ಬರೆದಾದ ಮೇಲೆ ನೀರು ಚೆಲ್ಲಿ ಡಬ್ಬಿಯನ್ನು ಮತ್ತೆ ನಿಲ್ಲಿಸಿರಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲು: ಆ ದಿನ ಹಳ್ಳ ಹರಿಯಿತೆ, ನೀರು ಕೆಂಪೋ ತಿಳಿಯೋ, ಮಳೆ ನಿಂತ ಎಷ್ಟು ದಿನಕ್ಕೆ ಬತ್ತಿತು?

ಹೀಗೆ ಐದು ವರ್ಷ ಬರೆದ ಊರಿಗೆ ತನ್ನ ಬೆಟ್ಟದ ಆರೋಗ್ಯ ತಾನೇ ತಿಳಿಯುತ್ತದೆ. ಮಳೆ ಅಷ್ಟೇ ಬಿದ್ದೂ ಹಳ್ಳ ಬೇಗ ಬತ್ತಿದರೆ, ನೀರು ಮೊದಲಿಗಿಂತ ಕೆಂಪಾದರೆ, ಮೇಲೆ ಏನೋ ಕೆಟ್ಟಿದೆಯೆಂದು ಅರ್ಥ. ಆಗ ಪಂಚಾಯತಿಗೂ ಅರಣ್ಯ ಇಲಾಖೆಗೂ ಬಾಯಿಮಾತಿನ ದೂರಲ್ಲ, ತಾರೀಖು ಸಹಿತ ಪುಸ್ತಕವನ್ನೇ ಒಯ್ದು ಮುಂದಿಡಬಹುದು.

ಹಿಂಗಾರು ಮುಗಿದ ಮೇಲೆ ಯಾವ ಊರಿನ ಡಬ್ಬಿಯಲ್ಲಿ ಎಷ್ಟು ಬಿತ್ತು, ಹಳ್ಳ ಎಷ್ಟು ದಿನ ಹರಿಯಿತು ಎಂಬುದನ್ನು ಬರೆದು ಕಳಿಸಿದರೆ ಈ ಪುಟದಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ. ಕನ್ನಡ ಅಕ್ಷರ ರೂಢಿ ತಪ್ಪಿದವರು ತಮಿಳಿನಲ್ಲಿಯೇ ಬರೆಯಿರಿ, ಓದಿಸಿಕೊಳ್ಳುತ್ತೇವೆ.